ಬೇಲಿಮೀಮಾಂಸೆ

ವಿಷಯ: ಸಖರಾಯಪಟ್ಟಣವು ರುಕ್ಮಾಂಗದರಾಯನ ರಾಜಧಾನಿಯಾಗಿತ್ತೆಂಬುದು ಐತಿಹ್ಯ. ಏಕಾದಶಿ ಉಪವಾಸಕ್ಕೆ ಹೆಸರಾದ ಆ ದೊರೆಯ ಸೀಮೆಯಲ್ಲಿ ಏಕಾದಶಿಯಂದೂ ಬಿಡದೆ ರಾಗಿ ಮೇಯುವ ಜೀವಿ ಕೃಷ್ಣಮೃಗ. ಆ ಪಟ್ಟಣವಿರುವ ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು 2011ರಲ್ಲಿ ಅದಕ್ಕಾಗಿ ಮೀಸಲಿಟ್ಟರು; ವಿಸ್ತೀರ್ಣ ಸುಮಾರು 7.36 ಚದರ ಕಿಲೋಮೀಟರ್. ಈ ಅಂಕಿಯನ್ನು ಕೃಷ್ಣಮೃಗ ಓದಿಕೊಂಡಿಲ್ಲ. ಆದಕಾರಣ ಬೇಲಿ.

ಸಂಶಯ: ಬೇಲಿ ಕಾವಲಿನ ಸುತ್ತಲೋ, ಹೊಲದ ಸುತ್ತಲೋ? ಉಪಸಂಶಯ: ಜಿಂಕೆಗೆಂದು ಹಾಕಿದ ಬೇಲಿ ಕೃಷ್ಣಮೃಗಕ್ಕೆ ಅನ್ವಯಿಸುತ್ತದೆಯೇ? ಏಕೆಂದರೆ ಶಾಸ್ತ್ರಪ್ರಕಾರ ಇದು ಜಿಂಕೆಯಲ್ಲ, ಹುಲ್ಲೆ. ಚುಕ್ಕೆಜಿಂಕೆಯ ಕವಲೊಡೆದ ಕೊಂಬು ಉದುರಿ ಮತ್ತೆ ಮೂಡುತ್ತದೆ; ಹುಲ್ಲೆಯ ಸುರುಳಿಕೊಂಬು ಕೊನೆತನಕ ಉಳಿಯುತ್ತದೆ. ರಾಗಿತೆನೆ ಮಾತ್ರ ಈ ಭೇದವನ್ನು ಗಣಿಸದು.

ಪೂರ್ವಪಕ್ಷ: ಬೇಲಿ ಅಧರ್ಮ. ಕೃಷ್ಣಮೃಗ ಸಹಜವಾಗಿ ಅಡ್ಡಾಡುವ ನೆಲವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿ. ಬೇಲಿ ಹಾಕಿದರೆ ಸಹಜತೆಗೆ ಭಂಗ. ಹಾಕದಿದ್ದರೆ ಯಜ್ಞ ತಾನಾಗಿ ಸಾಂಗವಾಗುತ್ತದೆ: ರೈತ ಯಜಮಾನ, ರಾಗಿ ಹವಿಸ್ಸು, ಸೊಸೈಟಿ ಸಾಲದ ಕಂತು ದಕ್ಷಿಣೆ.

ಉತ್ತರಪಕ್ಷ: ಯಜಮಾನನಿಗೂ ಹೊಟ್ಟೆಯಿದೆ. ಆದ್ದರಿಂದ ಬೇಲಿ ತ್ರಿವಿಧ. ಹಳೇ ಸೀರೆಯದು ಮೊದಲನೆಯದು; ಮೊದಲ ರಾತ್ರಿ ಹುಲ್ಲೆ ಬೆದರುತ್ತದೆ, ನಾಲ್ಕನೆಯ ರಾತ್ರಿ ಅಂಚಿನ ಬಣ್ಣ ನೋಡಿ ಮನೆಯವರ ಗುರುತು ಹಿಡಿಯುತ್ತದೆ. ಎರಡನೆಯದು ಮುಳ್ಳುತಂತಿ, ನೆಗೆದೀತೆಂದು ಕಂಬ ಎತ್ತರಿಸಿದರೆ ಕೆಳಗೆ ನುಸುಳುತ್ತದೆ. ಮೂರನೆಯದು ಸೌರಬೇಲಿ, ಕೊಲ್ಲದೆ, ಬಿಟ್ಟು ಬಿಟ್ಟು ಚುರುಕು ಮುಟ್ಟಿಸುವುದು ಇದರ ಧರ್ಮ. ಆದರೆ ಮಳೆಗಾಲದ ಹುಲ್ಲು ಬೆಳೆದು ತಂತಿ ತಾಗಿದರೆ ಕರೆಂಟು ನೆಲಕ್ಕಿಳಿದುಹೋಗುತ್ತದೆ. ಆ ಹುಲ್ಲು ಮೇದು ಬೇಲಿ ಉಳಿಸಲು ಅರ್ಹವಾದದ್ದು ಹುಲ್ಲೆಯೇ. ಅದು ಒಳಗೆ ರಾಗಿಯಲ್ಲಿ ಮಗ್ನ. (ಮನೆಯ ಕರೆಂಟನ್ನೇ ತಂತಿಗೆ ಬಿಡುವುದು ನಾಲ್ಕನೆಯ ವಿಧವಲ್ಲ, ಅಪರಾಧ.)

ಸಿದ್ಧಾಂತ: ಇಷ್ಟನ್ನೂ ಹೊಲದ ಬದುವಿನಲ್ಲಿ ಕೂತು ಹಿರಿಯ ರೈತರೊಬ್ಬರಿಗೆ ಓದಿ ಹೇಳಿದೆ.

“ಬೇಲಿ ನಮ್ದು ಸ್ವಾಮಿ, ಸಂದು ಅದ್ರದು” ಎಂದರು.

“ಹಾಗಾದರೆ ಯಾಕೆ ಹಾಕ್ತೀರಿ ಗೌಡ್ರೇ?”

“ಪಕ್ಕದ ಹೊಲದೋರು ಹಾಕವ್ರಲ್ಲ! ನಾವು ಬಿಟ್ರೆ ಅವ್ರ ಪಾಲಿನವೂ ನಮ್ಮಲ್ಲಿಗೇ ಬರ್ತವೆ.”

ಇಲ್ಲಿಗೆ ಸಂಶಯ ನಿವಾರಣೆಯಾಯಿತು. ಬೇಲಿಗೆ ಒಳಗೂ ಇಲ್ಲ, ಹೊರಗೂ ಇಲ್ಲ. ಹುಲ್ಲೆಯನ್ನು ನೆರೆಯವರ ಹೊಲಕ್ಕೆ ದಾಟಿಸುವುದೇ ಬೇಲಿಯ ಲಕ್ಷಣ. ಪ್ರಮಾಣವೇನೆಂದು ಸುತ್ತ ನೋಡಿದೆ. ಬೇಲಿಗೂಟದ ಮೇಲಿದ್ದ ಓತಿಕ್ಯಾತ ತಲೆಯಾಡಿಸಿತು.