ಅತ್ತಿ ಪಾಸು ಮಾಡಿದ ಗೌಂಡಿ

ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮಣ್ಣನ ಮಗನಿಗೆ ನಾನು ಮನೆಗೆ ಒಂದು ಖೋಲಿ, ಒಂದು ಪಾವಟಿಗೆ ಕೂಡಿಸುತ್ತಿರುವ ಸುದ್ದಿ ಹೇಗೋ ಮುಟ್ಟಿತು. "ಕಾಕಾ, ಲೈಸೆನ್ಸ್ ಇಲ್ಲದ ಕಂಟ್ರಾಕ್ಟರಿಗೆ ಕೆಲಸ ಕೊಡಬ್ಯಾಡ್ರಿ. ಅಡ್ವಾನ್ಸ್ ಹತ್ತು ಟಕ್ಕೆ ದಾಟಬಾರದು" ಎಂದು ಫೋನಿನಲ್ಲಿ ತಾಕೀತು ಮಾಡಿದ. ಅವನ ರಾಜ್ಯದಲ್ಲಿ ಮನೆ ಕಟ್ಟುವ ಗುತ್ತಿಗೆದಾರನಿಗೆ ನಾಲ್ಕು ವರ್ಷದ ಅನುಭವ ಬೇಕಂತೆ, ಪರೀಕ್ಷೆ ಪಾಸಾಗಬೇಕಂತೆ, 25,000 ಡಾಲರಿನ ಬಾಂಡ್ ಇಡಬೇಕಂತೆ, ಲೈಸೆನ್ಸ್ ನಂಬರನ್ನು ತನ್ನ ಗಾಡಿಯ ಮೇಲೂ ಬರೆಸಬೇಕಂತೆ. ಮನೆ ರಿಪೇರಿಗೆ ಮುಂಗಡವೆಂದು ಕೇಳಬಹುದಾದದ್ದು ಒಟ್ಟು ಮೊತ್ತದ ಹತ್ತನೇ ಒಂದು ಪಾಲು ಇಲ್ಲವೇ 1,000 ಡಾಲರ್, ಯಾವುದು ಕಡಿಮೆಯೋ ಅದು. ಹೆಚ್ಚಿಗೆ ಇಸಕೊಂಡರೆ ಅಪರಾಧ.

ಈ ಕಾನೂನನ್ನು ನಾನು ನಮ್ಮ ಗೌಂಡಿಯ ಮುಂದೆ ಚಹಾದ ಅಂಗಡಿಯಲ್ಲಿ ವಿವರಿಸಿದೆ. ಆತ ಬಶಿಯಲ್ಲಿದ್ದ ಚಹಾ ಪೂರ್ತಿ ಹೀರಿ, "ಅಲ್ರಿ ಮಾಮಾ, ಆ ದೇಶದಾಗ ಗೌಂಡಿಗಳ ಮನ್ಯಾಗ ಲಗ್ನ-ಮುಂಜಿ ಏನೂ ಆಗೂದಿಲ್ಲೇನ್ರಿ?" ಎಂದ. ಮಹಾರಾಷ್ಟ್ರದ ನಮ್ಮ ಸಾಸ್ತೂರ ಭಾಗದಲ್ಲಿ ಇಸಾರ ಕೊಡುವುದು ಕಟ್ಟುವ ಮನೆಗಲ್ಲ. ಗೌಂಡಿಯ ಮನೆಯಲ್ಲಿ ನಡೆಯಬೇಕಾಗಿರುವ ಯಾವುದೋ ಕಾರ್ಯಕ್ಕೆ.

ಲೈಸೆನ್ಸ್ ಕೇಳಿದೆ. ಕಿಸೆಯಿಂದ ಮೋಟಾರ್ ಸೈಕಲ್ಲಿನದು ತೆಗೆದು ಕೊಟ್ಟ. ಅದರ ಮುದ್ದತು ಮುಗಿದಿತ್ತು. "ಇದಲ್ಲ ಗೌಂಡೇರ, ಮನಿ ಕಟ್ಟೂ ಲೈಸೆನ್ಸ್" ಎಂದಾಗ ಮರುದಿನ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ತಂದ. 18ರಿಂದ 60ರೊಳಗಿನ ವಯಸ್ಸು, ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ ದಾಖಲೆ, ಇಷ್ಟಿದ್ದರೆ ಆ ಕಾರ್ಡು ಸಿಗುತ್ತದೆ. ಕಾರ್ಡಿನ ಜೊತೆಗೆ ಒಂದು ತಗಡಿನ ಪೇಟಿಗೆ, ಹೆಲ್ಮೆಟ್ಟು, ಅಡಿಗೆಯ ಭಾಂಡಿ. ಹೆಲ್ಮೆಟ್ಟಿನಲ್ಲಿ ಅವನ ಹೆಂಡತಿ ಉಳ್ಳಾಗಡ್ಡಿ ಇಡುತ್ತಾಳೆ. "ನೀವು ಕೆಲಸ ಮಾಡ್ತೀರಿ ಅನ್ನೂದಕ್ಕ ಇದು ದಾಖಲೆ ಆತು. ಕೆಲಸ ಬರ್ತದ ಅನ್ನೂದಕ್ಕ?" ಎಂದೆ. "ಬರಲಾರದವನಿಗೆ 90 ದಿನ ಯಾರು ಇಟ್ಕೋತಾರ್ರಿ?" ಎಂದ. ಈ ತರ್ಕಕ್ಕೆ ಎದುರಾಡಲು ನನಗೆ ಆಗಲೂ ಆಗಲಿಲ್ಲ, ಈಗಲೂ ಆಗುತ್ತಿಲ್ಲ.

ರಿಯಲ್ ಎಸ್ಟೇಟಿಗೆ ರೇರಾ ಅಂತ ಒಂದಿದೆಯಲ್ಲ ಎಂದು ಓದಿದವರು ಕೇಳಬಹುದು. 2016ರ ಆ ಕಾಯ್ದೆ ನೋಡುವುದು 500 ಚದರ ಮೀಟರು ದಾಟಿದ ಜಾಗವನ್ನು, ಎಂಟಕ್ಕೂ ಹೆಚ್ಚು ಫ್ಲ್ಯಾಟುಗಳನ್ನು. ಹಿತ್ತಲಿನಲ್ಲಿ ಏಳುವ ಒಂದು ಖೋಲಿ ಅದರ ಕಣ್ಣಿಗೆ ಬೀಳುವುದಿಲ್ಲ. ಸರಕಾರಿ ರಸ್ತೆ, ಶಾಲೆ ಕಟ್ಟುವವರ ಹೆಸರು ಲೋಕೋಪಯೋಗಿ ಖಾತೆಯಲ್ಲಿ ದರ್ಜೆವಾರು ನೋಂದಾಯಿತವಾಗಿರುತ್ತದೆ ನಿಜ. ಅಂಥವರು ನಮ್ಮ ಖೋಲಿಗೆ ಬರುವುದಿಲ್ಲ. ಬಂದರೆ ಖೋಲಿ ನಮ್ಮದಾಗಿ ಉಳಿಯುವುದಿಲ್ಲ.

ಕಾಗದದ ಮೇಲೆ ನಮ್ಮ ಜನಕ್ಕೆ ನಂಬಿಕೆ ಕಡಿಮೆ ಆಗಿರುವುದಕ್ಕೆ ಬೇರೆ ಕಾರಣವೂ ಇದೆ. 1993ರಲ್ಲಿ ದೇಶದ ಭೂಕಂಪ ನಕಾಶೆಯಲ್ಲಿ ಕಿಲ್ಲಾರಿ, ಸಾಸ್ತೂರಗಳ ಈ ಪಟ್ಟಿ ಒಂದನೇ ವಲಯದಲ್ಲಿತ್ತು, ಅಂದರೆ ಎಲ್ಲಕ್ಕಿಂತ ನಿರ್ಭಯದ ಜಾಗ. ಆ ವರ್ಷ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ, ಗಣಪತಿ ಕಳಿಸಿ ಬಂದು ಊರು ಮಲಗಿದ್ದಾಗ, ನೆಲ ಆ ನಕಾಶೆ ಓದಿರಲಿಲ್ಲ ಎಂದು ತಿಳಿಯಿತು. ನಮ್ಮ ಹಳೆಯ ಮನೆಗಳ ಗೋಡೆ ಎರಡು ಮೊಳ ದಪ್ಪ. ಹೊರಗೊಂದು ಕಲ್ಲಿನ ಸಾಲು, ಒಳಗೊಂದು ಸಾಲು, ನಡುವೆ ಮಣ್ಣು ಮತ್ತು ಚೂರುಗಲ್ಲು, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಅಷ್ಟು ತಂಪಾದ ಮನೆ ಇನ್ನೊಂದಿಲ್ಲ. ಎರಡೂ ಸಾಲನ್ನು ಹಿಡಿದು ನಿಲ್ಲುವ ಉದ್ದನೆಯ ಕಲ್ಲನ್ನು ಅಲ್ಲಲ್ಲಿ ಅಡ್ಡ ಇಡುವುದೊಂದನ್ನು ಮಾತ್ರ ನಮ್ಮ ಗೌಂಡಿಗಳು ಬಿಟ್ಟುಬಿಟ್ಟಿದ್ದರು. ಆ ನಸುಕಿನ ಬಗ್ಗೆ ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ. ನಕಾಶೆಯವರು 2002ರಲ್ಲಿ ನಮಗೆ ಮೂರನೇ ವಲಯಕ್ಕೆ ಬಡ್ತಿ ಕೊಟ್ಟರು.

ಆಮೇಲೆ 52 ಊರುಗಳನ್ನು ಎತ್ತಿ ಹೊಸ ಜಾಗದಲ್ಲಿ ಇಟ್ಟರು. ಅದರಲ್ಲಿ ಸಾಸ್ತೂರವೂ ಒಂದು. ಹೊಸ ಮನೆಯ ಅಳತೆ ನಿಂತದ್ದು ಹೊಲದ ಮೇಲೆ: ಒಂದು ಹೆಕ್ಟೇರಿನವರೆಗೆ 250 ಚದರಡಿ, ಏಳು ಹೆಕ್ಟೇರಿನವರೆಗೆ 400, ಅದಕ್ಕೂ ಮೇಲಿನವರಿಗೆ 750. ಮಕ್ಕಳೆಷ್ಟು ಅಂತ ಯಾರೂ ಕೇಳಲಿಲ್ಲ. ಬಾಣೇಗಾವವನ್ನು ಕೇರಳದ ಮಲಯಾಳ ಮನೋರಮಾ ಪತ್ರಿಕೆಯವರು ಲಾರಿ ಬೇಕರ್ ಕೈಯಿಂದ ನಕ್ಷೆ ಮಾಡಿಸಿ ಕಟ್ಟಿಸಿಕೊಟ್ಟರು. ಉಳಿದ ಊರುಗಳಿಗೂ ಯಾರ್ಯಾರೋ ಬಂದರು. ಹೀಗೆ ನಮ್ಮ ತಲೆಮಾರಿಗೆ ಗೌಂಡಿಯನ್ನು ಹುಡುಕದೆ, ಅವನೊಡನೆ ಜಗಳಾಡದೆ ಮನೆ ಬಂತು. ಈಗ ಮಕ್ಕಳು ದೊಡ್ಡವರಾಗಿ, ಸೊಸೆಯಂದಿರು ಬಂದು, 400 ಚದರಡಿ ಒಳಗಿನಿಂದ ಉಬ್ಬತೊಡಗಿದೆ. ಊರಿನಲ್ಲಿ ಯಾವ ಓಣಿಗೆ ಹೋದರೂ ಒಂದು ರಾಶಿ ಖಡಿ, ಅರ್ಧ ಬ್ರಾಸ್ ಉಸುಕು, ಅದರ ಮೇಲೆ ಒಂದು ನಾಯಿ.

ನಮ್ಮತ್ತಿಯ ತವರೂ ಮನೆಯೂ ನಿಲಂಗಾ ತಾಲೂಕಿನ ಒಂದೇ ಹಳ್ಳಿ. ಆ ಊರನ್ನು ಎತ್ತಲಿಲ್ಲ. ಮನೆಗಳು ಬಿರುಕು ಬಿಟ್ಟು ನಿಂತಿದ್ದವು. ಅಂಥ ಹಳ್ಳಿಗಳಿಗೆ ಹಾನಿ ನೋಡಿ 17,000 ಇಲ್ಲವೇ 34,000 ರೂಪಾಯಿ ಕಂತಿನಲ್ಲಿ ಕೊಟ್ಟು, ನಿಮ್ಮ ಮನೆ ನೀವೇ ಗಟ್ಟಿ ಮಾಡಿಕೊಳ್ಳಿ ಎಂದರು. ವಿಶ್ವ ಬ್ಯಾಂಕಿನ ಸಾಲದ ಕಾರ್ಯಕ್ರಮ ಅದು. ದುಡ್ಡು ಗಂಡಸರ ಕೈಯಲ್ಲಿ ಹಾದಿ ತಪ್ಪಬಾರದೆಂದೋ ಏನೋ, ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯವರು ಊರೂರಿನ ಮಹಿಳಾ ಮಂಡಳಗಳಿಂದ ಹೆಂಗಸರನ್ನು ಆರಿಸಿ, "ಸಂವಾದ ಸಹಾಯಕ" ಎಂದು ಹೆಸರಿಟ್ಟು ತಯಾರು ಮಾಡಿದರು. ಹೊಸ್ತಿಲು ದಾಟದ ಹೆಂಗಸರು ಗೋಡೆಯ ಮೂಲೆ, ಬೆಲ್ಟು, ಸಳಿ, ಸಿಮೆಂಟಿನ ಪಾಲು ಕಲಿತರು. ಜೂನಿಯರ್ ಇಂಜಿನಿಯರ್ ಸಹಿ ಮಾಡುವ ಮೊದಲು ಇವರು ನೋಡುತ್ತಿದ್ದರು. ಅತ್ತಿ ಅವರಲ್ಲಿ ಒಬ್ಬರು. ಕಾರ್ಯಕ್ರಮ 1998ರಷ್ಟೊತ್ತಿಗೆ ಮುಗಿಯಿತು. ಅತ್ತಿಗೆ ಯಾರೂ ಆ ಸುದ್ದಿ ಮುಟ್ಟಿಸಲಿಲ್ಲ.

ನಮ್ಮ ಖೋಲಿಯ ಸುದ್ದಿ ಕೇಳಿ ಆಕೆ ಬಸ್ಸಿಳಿದು ಬಂದವಳೇ ಕಟ್ಟೆಯ ಮೇಲೆ ಕೂತು ಗೌಂಡಿಯನ್ನು ಕರೆಸಿದಳು.

"ತಮ್ಮಾ, ಬಾಗಿಲಾ ಎಲ್ಲಿ ಇಡಾಂವ?"

"ಈ ಮೂಲ್ಯಾಗ್ರಿ ಆಯಿ. ಜಾಗಾ ಉಳಿತದ."

"ಜಾಗಾ ಉಳಿತದ, ಮೂಲಿ ಉಳಿತದೇನು? ಗೋಡಿ ಮೊದಲ ಒಡಿಯೂದೇ ಅಲ್ಲಿ. ಎರಡು ಫೂಟ ಈಚೀಗಿ ತಗೋ. ಬೆಲ್ಟ ಎಷ್ಟು ಕಡಿ ಹಾಕ್ತಿ?"

"ಬಾಗಿಲದ ಮ್ಯಾಲ ಒಂದು ಹಾಕ್ತೀನ್ರಿ."

"ಬಾಗಿಲದ ಮ್ಯಾಲ ಅಷ್ಟೇ ಹಾಕಿದ್ರ ಅದು ಬೆಲ್ಟ ಅಲ್ಲ, ತೋರಣ. ನಾಕೂ ಗೋಡಿ ಸುತ್ತಬೇಕು. ಮೂಲ್ಯಾಗ ಸಳಿ ಮಣಿಸಿ ಆ ಕಡಿ ಗೋಡ್ಯಾಗ ಒಯ್ಯಬೇಕು. ರಿಂಗಿನ ತುದಿ ಹ್ಯಾಂಗ ಮಣಸ್ತಿ, ತೋರ್ಸು."

ಗೌಂಡಿ ಬೆರಳು ಮಡಿಚಿ ತೋರಿಸಿದ. ಆಕೆ ಅವನ ಬೆರಳು ಹಿಡಿದು ಇನ್ನಷ್ಟು ಒಳಕ್ಕೆ ಬಾಗಿಸಿದಳು. ಆತ "ಆಯೀ" ಎಂದು ಕೂಗಿದ್ದು ಗೌರವಕ್ಕೋ ನೋವಿಗೋ ತಿಳಿಯಲಿಲ್ಲ.

ಆಮೇಲೆ ಉಸುಕಿನ ಸರದಿ. ಆಕೆ ಒಂದು ಮುಷ್ಟಿ ಉಸುಕನ್ನು ಗಾಜಿನ ಗ್ಲಾಸಿನ ನೀರಿಗೆ ಹಾಕಿ ಕಲಕಿ, ಕಿಡಕಿಯಲ್ಲಿಟ್ಟಳು. ಕೆಳಗೆ ಉಸುಕು, ಅದರ ಮೇಲೆ ದಪ್ಪಗೆ ಮಣ್ಣು ಕೂತಿತು. "ಅಳಿಯಂದ್ರ, ಇದರಾಗ ಜ್ವಾಳಾ ಬಿತ್ತಬಹುದು" ಎಂದಳು. ಟ್ರ್ಯಾಕ್ಟರಿನವನು ಉಸುಕು ವಾಪಸು ತುಂಬಿಕೊಂಡು ಹೋಗುವಾಗ ಓಣಿಯ ಮಂದಿ ಮೆರವಣಿಗೆ ನೋಡುವವರಂತೆ ನಿಂತಿದ್ದರು.

ಕೆಲಸ ಸುರುವಾಯಿತು, ನಿಂತಿತು, ಸುರುವಾಯಿತು. ನಿಲ್ಲಲು ನಮ್ಮ ಸೀಮೆಯಲ್ಲಿ ಕಾರಣಗಳಿಗೆ ಬರವಿಲ್ಲ. ಆಷಾಢದಲ್ಲಿ ಅರ್ಧ ಕೂಲಿಯವರು ಪಂಢರಪುರಕ್ಕೆ ನಡೆಯುತ್ತಾರೆ, ದೀಪಾವಳಿಯಾದ ಮೇಲೆ ಇನ್ನರ್ಧ ಕಬ್ಬು ಕಡಿಯಲು ಹೋಗುತ್ತಾರೆ. ಎಳ್ಳಮಾವಾಸ್ಯೆಯಂತೂ ಕೇಳಲೇಬೇಡಿ. ಲಾತೂರ, ಧಾರಾಶಿವ, ಬೀದರ ಮೂರೂ ಜಿಲ್ಲೆ ಅಂದು ಭಜ್ಜಿ, ಅಂಬಲಿ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಹೊಲದಲ್ಲಿರುತ್ತವೆ. ಆ ಅಂಬಲಿ ಕುಡಿದವನು ಮರುದಿನವೂ ಏಳುವುದಿಲ್ಲ. ನಮ್ಮ ಗೌಂಡಿ ಅದರ ಮರುದಿನವೂ ಏಳಲಿಲ್ಲ. ಅತ್ತಿ ಭಜ್ಜಿಯ ಬುಟ್ಟಿ ಹೊತ್ತು ಸೀದಾ ಅವನ ಹೊಲಕ್ಕೇ ಹೋಗಿ, ಅವನ ತಾಯಿಯ ಪಕ್ಕದಲ್ಲಿ ಕೂತು ಉಂಡು, ಇಬ್ಬರೂ ಕೂಡಿ ಅವನನ್ನು ಕರೆತಂದರು.

ಸ್ಲ್ಯಾಬ್ ಬಿದ್ದ ದಿನ ಕೂಲಿಯವರಿಗೆಲ್ಲ ಹುಗ್ಗಿ, ಗೌಂಡಿಗೆ ಟಾವೆಲ್ಲು-ಟೊಪ್ಪಿಗೆ ಆಯೇರಿ. ಉಂಡು ಕೈ ಒರೆಸಿಕೊಂಡು "ನೀರು ಹೊಡಿಯೂದು ಮಾಲಕರ ಕೆಲಸರಿ" ಎಂದು ಆತ ಹೊರಟ. ಬಿಸಿಲಿನಲ್ಲಿ ಕನಿಷ್ಠ 10 ದಿನ ಸ್ಲ್ಯಾಬಿನ ಮೇಲೆ ನೀರು ನಿಲ್ಲಬೇಕೆಂದು ಪುಸ್ತಕ ಹೇಳುತ್ತದೆ. 2016ರಲ್ಲಿ ಮಿರಜದಿಂದ ರೈಲಿನಲ್ಲಿ ಕುಡಿಯುವ ನೀರು ತರಿಸಿಕೊಂಡ ಲಾತೂರದ ನೆರೆಯಲ್ಲಿ ಕೂತು ಈ ವಾಕ್ಯ ಓದಿ ನೋಡಬೇಕು. ಅತ್ತಿ ಗೋಣಿಚೀಲ ಹಾಸಿ, ಪಾತ್ರೆ ತೊಳೆದ ನೀರೊಂದನ್ನು ಬಿಟ್ಟು ಮಿಕ್ಕ ನೀರೆಲ್ಲ ಮೇಲೆ ಸಾಗಿಸಿದಳು. ಆ ದಿನಗಳಲ್ಲಿ ಮನೆಯಲ್ಲಿ ಜಳಕ ಮಾಡಿದ್ದು ಸ್ಲ್ಯಾಬ್ ಒಂದೇ.

ಹೋದ ವಾರ ಪಕ್ಕದ ಮನೆಯವರು ತಮ್ಮ ಮಾಳಿಗೆಯ ಮೇಲೆ ಖೋಲಿ ತೆಗೆಯಬೇಕೆಂದು ಇದೇ ಗೌಂಡಿಯನ್ನು ಕರೆಸಿದ್ದರು. ರೇಟು ಕೇಳಿದಾಗ ನಾನೂ ಅಲ್ಲೇ ಇದ್ದೆ. ಗೌಂಡಿ ತಲೆ ಕೆರೆದುಕೊಂಡ. ಮೊದಲೆಲ್ಲ ಅವನು ಎರಡು ರೇಟು ಹೇಳುತ್ತಿದ್ದ, ಮಾಲು ಸಹಿತ ಒಂದು, ಬರೀ ಮಜೂರಿ ಒಂದು. ಈ ಸಲ ನಮ್ಮ ಕಟ್ಟೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಆಯಿ ಬರ್ತಾರೋ, ಬರೂದಿಲ್ಲೋ? ಅದರ ಮ್ಯಾಲ ಅದರಿ" ಎಂದ.

"ಬಂದ್ರ ಹೆಚ್ಚೋ ಕಡಿಮಿಯೋ?" ಎಂದು ಪಕ್ಕದವರು ಕೇಳಿದರು.

"ಬಂದ್ರ ಫೂಟಿಗೆ ಇಪ್ಪತ್ತು ರೂಪಾಯಿ ಹೆಚ್ಚರಿ."

ಪಕ್ಕದವರು ಹೆಂಡತಿಯ ಮುಖ ನೋಡಿದರು. ಆಕೆ ಒಳಗಿನಿಂದಲೇ ಕೂಗಿ ಹೇಳಿದಳು, "ಹೆಚ್ಚಿಂದೇ ಬರಕೋರಿ."