ಅಜ್ಜಿಯ ಸಂಚಿ, ಮೊಮ್ಮಗನ ಪ್ಯಾಕೆಟ್ಟು

ಚಂದಾಪುರದಲ್ಲಿ ರಾಗಿ ಹೊಲ ಹೋಗಿ ಲೇಔಟ್ ಬಂತು, ಕೆರೆ ಕೆಟ್ಟಿತು. ಪಕ್ಕದ ಮನೆ ಅಜ್ಜಿಯ ಎಲೆ‑ಅಡಿಕೆ ಸಂಚಿ ಮಾತ್ರ ಸೊಂಟ ಬಿಟ್ಟಿಲ್ಲ. ಕಾಂಪೌಂಡ್ ಗೋಡೆ ಮೇಲೆ ಸುಣ್ಣದ ಡಬ್ಬಿ ಇಟ್ಟರು ಅಂದರೆ ಮಾತಿಗೆ ನಿಂತರು ಅಂತಲೇ ಲೆಕ್ಕ.

"ಅಡಿಕೆ ಹಾಕೋರ ಮಿದುಳಿನ ಫೋಟೋನೂ ತೆಗೆದಿದ್ದಾರೆ ಅಜ್ಜಿ, ಚೀನಾದಲ್ಲಿ."

"ಅಲ್ಲೂ ಹಾಕ್ತಾರಾ?"

"ಹುನಾನ್, ಹೈನಾನ್ ಕಡೆ ಜೋರಾಗೇ ಹಾಕ್ತಾರೆ. ಬಿಡೋಕೇ ಆಗದೋರನ್ನ ಎಂಆರ್‌ಐ ಯಂತ್ರದೊಳಗೆ ಸುಮ್ಮನೆ ಮಲಗಿಸಿ ನೋಡಿದ್ದಾರೆ."

"ಉಗುಳ್ಬೇಕು ಅನ್ನಿಸಿದ್ರೆ?"

ಈ ಪ್ರಶ್ನೆಯನ್ನು ಆ ವಿಜ್ಞಾನಿಗಳಿಗೆ ಯಾರೂ ಕೇಳಿರಲಿಕ್ಕಿಲ್ಲ. ನಾನು ವಿಷಯಕ್ಕೆ ಬಂದೆ. ನಾವು ಸುಮ್ಮನೆ ಮಲಗಿದ್ದರೂ ಮಿದುಳು ಸುಮ್ಮನಿರದು. ಅದರ ದೂರದೂರದ ಭಾಗಗಳ ಚಟುವಟಿಕೆ ಜೊತೆಜೊತೆಗೇ ಏರಿಳಿಯುತ್ತದೆ. ಅಡಿಕೆಗೆ ಅಂಟಿಕೊಂಡವರಲ್ಲಿ ಈ ಹೊಂದಾಣಿಕೆ ಬದಲಾಗಿರುತ್ತದೆ. ಮುಖ್ಯವಾಗಿ, 'ಸಾಕು' ಎಂದು ತಡೆಯುವ ಮುಂಭಾಗಕ್ಕೂ 'ಇನ್ನೊಂದು' ಎಂದು ಆಸೆ ಹುಟ್ಟಿಸುವ ಒಳಭಾಗಕ್ಕೂ ಇರುವ ನಂಟು.

"ಸರ್ಕಲ್‌ನಲ್ಲಿ ಪೊಲೀಸಪ್ಪ ಕೈ ಅಡ್ಡ ಹಿಡಿದ್ರೂ ಟೆಂಪೋನೋನು ನುಗ್ತಾನಲ್ಲ, ಹಂಗೆ ಅನ್ನು." ಅಜ್ಜಿ ತೊಟ್ಟು ಮುರಿದು ಎಲೆಗೆ ಸುಣ್ಣ ಸವರಿದರು. "ಅಲ್ಲಾ, ತಲೆ ಹಂಗಿದ್ದಿದ್ಕೆ ಅಡಿಕೆ ಹಾಕಿದ್ರೋ, ಅಡಿಕೆ ಹಾಕಿದ್ಕೆ ತಲೆ ಹಂಗಾಯ್ತೋ?"

ಅದೇ ತೊಡಕು. ಒಂದು ಸಲ ತೆಗೆದ ಚಿತ್ರ ಅದನ್ನು ಹೇಳಲಾರದು.

"ನನ್ನ ಎಲೇಲಿ ಹೊಗೆಸೊಪ್ಪಿಲ್ಲ ಕಣಪ್ಪ. ಬರೀ ಅಡಿಕೆ."

ಎಲ್ಲರೂ ಹಿಡಿಯುವ ಕೊಂಬೆ ಇದೇ. ಆದರೆ ಅಡಿಕೆಯೇ ಪೂರ್ತಿ ಸಾಧುವಲ್ಲ. ಅದರಲ್ಲಿರುವ ಅರೆಕೋಲಿನ್ ಮಿದುಳಿನಲ್ಲಿ ನಿಕೋಟಿನ್ ಹೋಗಿ ಕೂರುವ ಜಾಗದಲ್ಲೇ ಕೂರುತ್ತದೆಂದು ಫ್ಲಾರಿಡಾ ವಿಶ್ವವಿದ್ಯಾಲಯದ ರೋಜರ್ ಪಾಪ್ಕೆ ತಂಡ 2015ರಲ್ಲಿ ತೋರಿಸಿತು. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಹೇಳಿದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡಲ್ಲಿ ನಿಂತು ಇದನ್ನು ಹೇಳುವುದು ಕಷ್ಟ. ಶಿವಮೊಗ್ಗದ ಷಡ್ಡಕನ ಮುಂದಂತೂ ನಾನು ಬಾಯಿ ಬಿಡುವುದಿಲ್ಲ.

ಅಜ್ಜಿಗಿಂತ ನನಗೆ ಚಿಂತೆ ಅವರ ಮೊಮ್ಮಗನದು. ಬೊಮ್ಮಸಂದ್ರದಲ್ಲಿ ನೈಟ್ ಶಿಫ್ಟು. 2013ರಲ್ಲಿ ಸರ್ಕಾರ ಗುಟ್ಕಾ ನಿಷೇಧಿಸಿತು. ಕಂಪನಿಯವರು ಪಾನ್ ಮಸಾಲ ಒಂದು ಪ್ಯಾಕೆಟ್ಟು, ತಂಬಾಕು ಇನ್ನೊಂದು ಪ್ಯಾಕೆಟ್ಟು ಮಾಡಿದರು, ಅಂಗಡಿಯವರು ತೂಗುಹಾಕಿದರು. ಎರಡನ್ನೂ ಹರಿದು ಬಾಯಿಗೆ ಸುರಿದುಕೊಂಡರೆ ನಿದ್ದೆ ಹತ್ತಿರ ಸುಳಿಯುವುದಿಲ್ಲವಂತೆ. ಅಜ್ಜಿಗಾದರೆ ಎಲೆ ಒರೆಸಿ, ತೊಟ್ಟು ಮುರಿದು, ಅಡಿಕೆ ಕತ್ತರಿಸುವಷ್ಟು ಹೊತ್ತು ಬೇಕು. ಅವನಿಗೆ ಅಷ್ಟೂ ತಡೆಯಿಲ್ಲ.

"ಅವನ ತಲೆ ಫೋಟೋ ತೆಗೆಸೋಣ್ವಾ?"

"ತಲೆ ಆಮೇಲೆ ಅಜ್ಜಿ, ಮೊದಲು ಬಾಯಿ. ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಹೋಗುತ್ತಾ ನೋಡಿ. ಹೋಗದಿದ್ದರೆ ಒಳಗಡೆ ಕೆನ್ನೆ ಬಿಗಿತಾ ಇರಬಹುದು, ಡಾಕ್ಟರಿಗೆ ತೋರಿಸಬೇಕು. ಚಟ ಬಿಡಿಸೋಕೆ ಇದೇ ಹೊಸೂರು ರೋಡಲ್ಲಿ ನಿಮ್ಹಾನ್ಸ್ ಇದೆ."

ಅಜ್ಜಿ ಕಟ್ಟಿದ ಎಲೆಯನ್ನು ಕೈಯಲ್ಲೇ ಹಿಡಿದು ಒಳಗೆ ಕೂಗಿದರು: "ಏ, ಎದ್ದು ಬಾರೋ ಇಲ್ಲಿ. ಬಾಯಿ ತೆಗಿ!"