ಭಗ್ನಗುಲ್ಫ ಲಕ್ಷ್ಯಪರಿಷ್ಕಾರ ಮೀಮಾಂಸೆ

ಯಾವ ಶಾಸ್ತ್ರಗ್ರಂಥವಾದರೂ ಆರಂಭದಲ್ಲಿ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸಿಯೇ ಮುಂದುವರಿಯತಕ್ಕದ್ದೆಂದು ನಮ್ಮ ಹಿರಿಯರು ವಿಧಿಸಿರುವುದರಿಂದಲೂ, ಅವರ ಮಾತನ್ನು ದಾಟಿ ಹೋಗುವಷ್ಟು ಕಾಲ್ಬಲ ಸದ್ಯಕ್ಕೆ ನನ್ನಲ್ಲಿ ಇಲ್ಲದಿರುವುದರಿಂದಲೂ, ನಾನೂ ಹಾಗೆಯೇ ಮಾಡುತ್ತೇನೆ. ಕಾಲು ಮುರಿದುಕೊಂಡವನು ತನ್ನ ದೇಹದಾರ್ಢ್ಯದ ಗುರಿಗಳನ್ನೂ ಆಹಾರಕ್ರಮವನ್ನೂ ಹೇಗೆ ಪರಿಷ್ಕರಿಸಿಕೊಳ್ಳಬೇಕೆಂಬುದೇ ಈ ಪ್ರಬಂಧದ ವಿಷಯ. ಮೂಳೆ ಮುರಿದ ಒಂದು ವಾರದೊಳಗಾಗಿ ಕನಿಷ್ಠಪಕ್ಷ ಇಪ್ಪತ್ತು ಮಂದಿಯಿಂದ ಉಪದೇಶ ಪಡೆದವನೇ ಇದರ ಅಧಿಕಾರಿ. ಸಂಬಂಧವು ಪ್ರತಿಪಾದ್ಯಪ್ರತಿಪಾದಕಭಾವ, ಹಾಗೆಂದರೇನೆಂಬುದನ್ನು ನಾನು ಎಂದೂ ಸರಿಯಾಗಿ ತಿಳಿದುಕೊಂಡವನಲ್ಲ, ಆದರೆ ಈ ಸ್ಥಳದಲ್ಲಿ ಹೀಗೆ ಬರೆಯುವುದು ವಾಡಿಕೆ. ಪ್ರಯೋಜನವನ್ನು ಕೊನೆಯಲ್ಲಿ ಹೇಳುತ್ತೇನೆ, ಅಷ್ಟರೊಳಗೆ ಒಂದು ದೊರೆತರೆ.

ಗ್ರಂಥೋತ್ಪತ್ತಿಯ ನಿಮಿತ್ತವಿದು. ಪ್ರತಿದಿನ ಮುಂಜಾನೆ ಬಸವನಗುಡಿಯ ಮನೆಯಿಂದ ಹೊರಟು ಲಾಲ್‌ಬಾಗನ್ನು ಹೊಕ್ಕು, ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಹತ್ತಿಳಿದು ಮನೆಗೆ ಮರಳುವುದು ನನ್ನ ಹಲವು ವರ್ಷಗಳ ಅಭ್ಯಾಸ. ಆ ಬಂಡೆ ಸಾಮಾನ್ಯವಾದುದಲ್ಲ. ಮುನ್ನೂರು ಕೋಟಿ ವರ್ಷದಷ್ಟು ಹಳೆಯದು. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸ್ಮೀತ್ ಎಂಬುವರು ಈ ಜಾತಿಯ ಶಿಲೆಗೆ 1916ರಲ್ಲಿ ‘ಪೆನಿನ್ಸುಲಾರ್ ನೈಸ್’ ಎಂದು ಹೆಸರಿಟ್ಟರೆಂದು ಅಲ್ಲಿಯ ಫಲಕವನ್ನು ಓದಿದವರೆಲ್ಲ ಬಲ್ಲರು. ಮುನ್ನೂರು ಕೋಟಿ ವರ್ಷ ಅಲುಗದೆ ಕುಳಿತ ಆ ಕಲ್ಲಿನ ಮೇಲೆ ನನಗೆ ಏನೂ ಆಗಲಿಲ್ಲ. ಮನೆ ಇನ್ನು ಇನ್ನೂರು ಹೆಜ್ಜೆಯಿರುವಾಗ, ಚರಂಡಿಯ ಮೇಲೆ ಹಾಸಿದ್ದ ಮೂರಡಿಯ ಚಪ್ಪಡಿಯೊಂದು ನನ್ನ ಎಡಗಾಲನ್ನು ಹೊರಲು ನಿರಾಕರಿಸಿ ಮಗ್ಗುಲಾಯಿತು. ನಾನೂ ಅದರೊಡನೆ ಮಗ್ಗುಲಾದೆನು.

ಸುಶ್ರುತಸಂಹಿತೆಯು ಭಗ್ನಗಳನ್ನು ಸಂಧಿಮುಕ್ತ, ಕಾಂಡಭಗ್ನವೆಂದು ಎರಡಾಗಿ ಒಡೆದು, ಮೊದಲನೆಯದರಲ್ಲಿ ಆರನ್ನೂ ಎರಡನೆಯದರಲ್ಲಿ ಕರ್ಕಟಕ, ಅಶ್ವಕರ್ಣ, ಚೂರ್ಣಿತ ಮುಂತಾಗಿ ಹನ್ನೆರಡನ್ನೂ ಹೇಳುತ್ತದೆ. ನನ್ನದು ಯಾವುದಿರಬಹುದೆಂಬ ಜಿಜ್ಞಾಸೆಯಿಂದ ಕೇಳಲಾಗಿ ಮೂಳೆವೈದ್ಯರು ಎಕ್ಸ್‌ರೇ ಚಿತ್ರವನ್ನು ಬೆಳಕಿಗೆ ಹಿಡಿದು, “ಹರಡಿನಲ್ಲಿ ಸಣ್ಣ ಕ್ರ್ಯಾಕು. ಆರು ವಾರ ಪ್ಲಾಸ್ಟರು” ಎಂದರು. ಈ ವಿಷಯದಲ್ಲಿ ನಾನು ಕೇಳಿದ ಪ್ರವಚನಗಳಲ್ಲೆಲ್ಲ ಇದೊಂದೇ ನಿರ್ದುಷ್ಟವಾದುದು; ಉಳಿದುದೆಲ್ಲ ಭಾಷ್ಯ, ಟೀಕೆ, ಟಿಪ್ಪಣಿ.

ಭಾಷ್ಯಕಾರರಲ್ಲಿ ಅಗ್ರಗಣ್ಯರು, ನಾನು ಉದ್ಯೋಗ ಮಾಡುವ ಕಚೇರಿಯು ನೌಕರರ ಕ್ಷೇಮಚಿಂತನೆಗಾಗಿ ನೇಮಿಸಿಕೊಂಡಿರುವ ತರುಣ ಮಾರ್ಗದರ್ಶಕರು. ಅವರು ಫೋನಿನ ಪರದೆಯಲ್ಲಿ ಪ್ರತ್ಯಕ್ಷರಾಗಿ, “ಸರ್, ಇದನ್ನ ಇಂಜುರಿ ಅಂದ್ಕೋಬೇಡಿ, ಇದೊಂದು ಜರ್ನಿ. ನಿಮ್ಮ ಫಿಟ್‌ನೆಸ್ ಗೋಲ್‌ಗಳನ್ನ ರೀಅಲೈನ್ ಮಾಡ್ಕೊಳ್ಳಿ” ಎಂದು ಅಪ್ಪಣೆ ಕೊಡಿಸಿದರು. ಬಚ್ಚಲಮನೆಯವರೆಗಿನ ಹದಿನಾಲ್ಕು ಅಡಿಗೆ ಇಬ್ಬರ ಹೆಗಲು ಬೇಕಾಗಿದ್ದ ಮನುಷ್ಯನಿಗೆ ಯಾತ್ರೆಯ ಉಪದೇಶವು ಎಷ್ಟರಮಟ್ಟಿಗೆ ಹಿತವಾಗಿರುತ್ತದೆಂಬುದನ್ನು ವಾಚಕರೇ ಊಹಿಸಿಕೊಳ್ಳಬೇಕು. ಆದರೂ ಆಪ್ತವಾಕ್ಯವನ್ನು ಧಿಕ್ಕರಿಸುವುದು ತರವಲ್ಲವಾದ ಕಾರಣ, ಹಾಸಿಗೆಯ ಮೇಲೆ ಮೂರು ದಿಂಬುಗಳ ಮೇಲೆ ಕಾಲಿಟ್ಟು ಮಲಗಿ, ಆ ‘ಗೋಲ್’ ಎಂಬ ಪದಾರ್ಥದ ಸ್ವರೂಪವನ್ನು ವಿಚಾರಮಾಡತೊಡಗಿದೆನು.

ಲಕ್ಷ್ಯವು ಪಂಚವಿಧ: ಸಂಖ್ಯಾಲಕ್ಷ್ಯ, ಭಾರಲಕ್ಷ್ಯ, ಪರಿಧಿಲಕ್ಷ್ಯ, ಪ್ರದರ್ಶನಲಕ್ಷ್ಯ, ಪರೋಪದಿಷ್ಟಲಕ್ಷ್ಯ. ಇವು ಪ್ರತಿಯೊಂದೂ ಸಂಕೋಚ, ವಿಸ್ತಾರ, ವಿಕಲ್ಪ ಎಂಬ ಪರಿಷ್ಕಾರಭೇದದಿಂದ ಮೂರಾಗಿ ಹದಿನೈದಾಗುತ್ತವೆ. ಅವು ಸಪ್ಲಾಸ್ಟರ, ನಿಷ್ಪ್ಲಾಸ್ಟರ ಎಂಬ ಉಪಾಧಿಭೇದದಿಂದ ಮೂವತ್ತಾಗುತ್ತವೆ.

ಸಂಖ್ಯಾಲಕ್ಷ್ಯವೆಂದರೆ ದಿನಕ್ಕೆ ಹತ್ತು ಸಾವಿರ ಹೆಜ್ಜೆ. ಈ ಸಂಖ್ಯೆಯು ಯಾವ ಋಷಿಯ ದರ್ಶನವೆಂದು ಹುಡುಕಲಾಗಿ, 1964ರ ಟೋಕಿಯೋ ಒಲಿಂಪಿಕ್ಸಿನ ಬೆನ್ನಿಗೆ, 1965ರಲ್ಲಿ, ಜಪಾನಿನ ಒಂದು ಗಡಿಯಾರದ ಕಂಪನಿ ಮಾರಾಟಕ್ಕೆ ತಂದ ಹೆಜ್ಜೆಮಾಪಕದ ಹೆಸರು ‘ಮಾನ್‌ಪೊ ಕೇ’, ಅಂದರೆ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದಿತ್ತೆಂದೂ, ನಮ್ಮೆಲ್ಲರ ಬೆಳಗುಗಳನ್ನು ಆಳುತ್ತಿರುವ ಮಹಾಸಂಖ್ಯೆಯ ಮೂಲ ಆ ಅಂಗಡಿಯ ಹೆಸರುಪಟ್ಟಿಯಲ್ಲಿದೆಯೆಂದೂ ತಿಳಿದುಬಂದಿತು. ನನ್ನ ಕೈಗಡಿಯಾರವು ಆ ಪರಂಪರೆಗೆ ಸೇರಿದುದು. ಮೊದಲ ವಾರವೆಲ್ಲ ಗಂಟೆಗೊಮ್ಮೆ ಮುಂಗೈಯನ್ನು ನಡುಗಿಸಿ, ಎದ್ದು ನಿಲ್ಲುವ ಹೊತ್ತಾಯಿತೆಂದು ನನಗೆ ಜ್ಞಾಪಿಸಿತು. ಮಾರ್ಗದರ್ಶಕರ ಸಲಹೆಯಂತೆ ಲಕ್ಷ್ಯವನ್ನು ಐನೂರಕ್ಕೆ ಸಂಕೋಚಗೊಳಿಸಲಾಯಿತು. ನೆಲಕ್ಕೆ ಕಾಲೂರಕೂಡದೆಂಬ ವೈದ್ಯಾಜ್ಞೆಯಿದ್ದ ಕಾಲದಲ್ಲಿ ಐನೂರೂ ಹತ್ತು ಸಾವಿರವೂ ಒಂದೇ ಎಂಬ ಅದ್ವೈತ ಅವರಿಗೆ ಹೊಳೆದಿರಲಿಲ್ಲ. ಒಂದು ಮಧ್ಯಾಹ್ನ ಹೊತ್ತು ಹೋಗದೆ, ಕುಳಿತಲ್ಲಿಯೇ ನಾನು ಮಜ್ಜಿಗೆ ಕಡೆದುಕೊಟ್ಟೆನು. ಸಂಜೆ ನೋಡಿದರೆ ಗಡಿಯಾರದಲ್ಲಿ ಆರುನೂರಹನ್ನೆರಡು ಹೆಜ್ಜೆಗಳಾಗಿ, ಬಣ್ಣದ ಕಾಗದದ ಚೂರುಗಳು ಪರದೆಯ ತುಂಬ ಉದುರಿ, ಗುರಿ ಮುಟ್ಟಿದ್ದಕ್ಕೆ ಅಭಿನಂದನೆ ಬಂದಿತ್ತು. ಬೆಣ್ಣೆಯೂ ಬಂದಿತ್ತು. ಲಕ್ಷ್ಯಪರಿಷ್ಕಾರದ ಇತಿಹಾಸದಲ್ಲಿ ಇಷ್ಟು ಸ್ಪಷ್ಟವಾದ ಫಲವನ್ನು ನಾನು ಮತ್ತೆ ಕಾಣಲಿಲ್ಲ.

ಭಾರಲಕ್ಷ್ಯದ ಆಚಾರ್ಯರು ಬೆಲ್ಜಿಯಂ ದೇಶದ ಖಗೋಳಶಾಸ್ತ್ರಜ್ಞ ಕೆಟಲೆ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅವರು ಜನಸಮುದಾಯದ ಸರಾಸರಿಯನ್ನು ತಿಳಿಯಲೆಂದು ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದರು. 1972ರಲ್ಲಿ ಇನ್ನೊಬ್ಬರು ಅದಕ್ಕೆ ‘ಬಾಡಿ ಮಾಸ್ ಇಂಡೆಕ್ಸ್’ ಎಂದು ನಾಮಕರಣ ಮಾಡಿದರು. ನಕ್ಷತ್ರಗಳನ್ನು ನೋಡುತ್ತಿದ್ದ ಆ ಮಹನೀಯರ ಭಾಗಾಕಾರದಿಂದ ನನ್ನ ಹೊಟ್ಟೆಗೆ ಬರಬೇಕಾದ ಇಡ್ಲಿಗಳ ಸಂಖ್ಯೆ ನಿರ್ಣಯವಾಗತೊಡಗಿತು. ಒಂಟಿಗಾಲಿನಲ್ಲಿ ತೂಕದ ಯಂತ್ರದ ಮೇಲೆ ನಿಂತವನ ಭಾರವನ್ನು ಓದುವುದು ಹೇಗೆ, ಪ್ಲಾಸ್ಟರಿನ ಭಾರವನ್ನು ಕಳೆಯಬೇಕೇ ಬೇಡವೇ, ಬೀಳದಂತೆ ಹಿಡಿದುಕೊಂಡ ಹೆಂಡತಿಯ ಭಾರವೆಷ್ಟು ಅದರಲ್ಲಿ ಸೇರಿದೆ ಎಂಬ ಪ್ರಶ್ನೆಗಳಿಗೆ ಸೂತ್ರದಲ್ಲಿ ಉತ್ತರವಿಲ್ಲ.

ಪರಿಧಿಲಕ್ಷ್ಯವೆಂದರೆ ಸೊಂಟದ ಸುತ್ತಳತೆ. ಅಳೆಯಲಿಲ್ಲ. ಉಳಿದೆರಡು ಲಕ್ಷ್ಯಗಳನ್ನೂ ಮೂವತ್ತು ಭೇದಗಳಲ್ಲಿ ಬಾಕಿಯಿರುವುವನ್ನೂ ಬಿಡುತ್ತೇನೆ. ಅವುಗಳಿಂದ ನನಗೇ ಬೇಸರವಾಗಿದೆ.

ಆಹಾರಪ್ರಕರಣದಲ್ಲಿ ಪ್ರಧಾನವಾಗಿ ಎರಡು ದರ್ಶನಗಳಿವೆ. ನಡೆಯದವನು ಉಣ್ಣಕೂಡದೆಂಬುದು ಸಂಕೋಚವಾದಿಗಳ ಮತ. ಉಣ್ಣದೆ ಮೂಳೆ ಕೂಡದೆಂಬುದು ಪ್ರಾಚುರ್ಯವಾದಿಗಳದು. ಇವೆರಡರ ಘರ್ಷಣೆ ಮೊದಲ ದಿನವೇ ಆರಂಭವಾಯಿತು. ವೈದ್ಯರ ಸಹಾಯಕರು, “ಮೂರು ದಿನ ರೈಸ್ ಚೆನ್ನಾಗಿ ಫಾಲೋ ಮಾಡಿ” ಎಂದರು. ಅದೇ ಸಂಜೆ ಮಾರ್ಗದರ್ಶಕರು, “ರೈಸ್ ಪೂರ್ತಿ ಅವಾಯ್ಡ್ ಮಾಡಿ ಸರ್” ಎಂದರು. ಮೊದಲನೆಯ ರೈಸ್ ಎಂಬುದು ರೆಸ್ಟ್, ಐಸ್, ಕಂಪ್ರೆಷನ್, ಎಲಿವೇಷನ್ ಎಂಬ ನಾಲ್ಕು ಪದಗಳ ಮೊದಲಕ್ಷರಗಳ ಕೂಟವೆಂದೂ, ಅಮೆರಿಕದ ಗೇಬ್ ಮರ್ಕಿನ್ ಎಂಬ ವೈದ್ಯರು 1978ರಲ್ಲಿ ಅದನ್ನು ಬಳಕೆಗೆ ತಂದರೆಂದೂ ನನಗೆ ತಿಳಿಯುವಷ್ಟರಲ್ಲಿ, ಸಹಾಯಕರ ಮಾತಿಗೆ ಗೌರವಕೊಟ್ಟು ಎರಡು ದಿನ ಮೂರು ಹೊತ್ತು ಅನ್ನವನ್ನೇ ಉಂಡಿದ್ದೆನು. ಮರ್ಕಿನ್ನರು ಬಹುಕಾಲದ ಮೇಲೆ, ಮಂಜುಗಡ್ಡೆಯಿಂದ ಗಾಯ ಮಾಯುವುದು ತಡವಾಗಬಹುದೆಂದು ತಮ್ಮ ಮಾತನ್ನು ತಾವೇ ತಿದ್ದಿಕೊಂಡರು. ನಾನು ಬಲ್ಲಂತೆ, ಲಕ್ಷ್ಯಪರಿಷ್ಕಾರವನ್ನು ಸ್ವಂತಕ್ಕೆ ಅನ್ವಯಿಸಿಕೊಂಡ ತಜ್ಞರು ಅವರೊಬ್ಬರೇ.

ಪ್ರಾಚುರ್ಯವಾದದ ಪರಮಾಚಾರ್ಯೆ ಧಾರವಾಡಕ್ಕೆ ಕೊಟ್ಟ ನನ್ನ ಅಕ್ಕ. ಆಕೆ ರಾತ್ರಿಯ ರೈಲಿನಲ್ಲಿ ಒಂದು ಡಬ್ಬಿ ಅಂಟಿನುಂಡೆಯೊಡನೆ ಬಂದಿಳಿದಳು. ಕೊಬ್ಬರಿ, ಉತ್ತತ್ತಿ, ಬೆಲ್ಲ, ತುಪ್ಪದಲ್ಲಿ ಹುರಿದ ಅಂಟು ಇವುಗಳಿಂದಾದ ಆ ಭಕ್ಷ್ಯವು ಬಾಣಂತಿಯರಿಗೆ ವಿಹಿತವಾದುದಲ್ಲವೇ ಎಂದು ನಾನು ಆಕ್ಷೇಪವೆತ್ತಲು, “ತಿನ್ನು ಸುಮ್ಮನ. ಎಲುಬು ಕೂಡಬ್ಯಾಡೇನು?” ಎಂಬ ಒಂದೇ ವಾಕ್ಯದಿಂದ ಪೂರ್ವಪಕ್ಷವನ್ನು ಖಂಡಿಸಿದಳು. ಬೆಳಿಗ್ಗೆ ರಾಗಿ ಅಂಬಲಿ, ಮಧ್ಯಾಹ್ನ ಹುರುಳಿ ಸಾರು, ನುಗ್ಗೆಸೊಪ್ಪಿನ ಪಲ್ಯ, ಮಂಗರವಳ್ಳಿಯ ಚಟ್ನಿ. ಪಕ್ಕದ ಮನೆಯವರು ನಮ್ಮ ಮಡಿಗೆ ಅಂಜಿ, ಕಾಲುಸೂಪಿನ ವಿಚಾರವನ್ನು ಕಾಂಪೌಂಡಿನಾಚೆಯಿಂದ ಪಿಸುದನಿಯಲ್ಲಿ ತಿಳಿಸಿದರು. ನಿಜ ಹೇಳುವುದಾದರೆ ಅಕ್ಕನ ಶಾಸ್ತ್ರವು ಮಾರ್ಗದರ್ಶಕರದಕ್ಕಿಂತ ಎಷ್ಟೋ ಗಟ್ಟಿಯಾದುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶವಿದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಅದರ ಮೂರನೆಯ ಒಂದು ಪಾಲು. ಆರೋಗ್ಯವಂತನಿಗೇ ದೇಹತೂಕದ ಕಿಲೋ ಒಂದಕ್ಕೆ 0.83 ಗ್ರಾಂ ಪ್ರೋಟೀನು ಬೇಕೆಂದು ನಮ್ಮ ದೇಶದ ಪೋಷಣಶಾಸ್ತ್ರಜ್ಞರ ಲೆಕ್ಕ. ಎಪ್ಪತ್ತನಾಲ್ಕು ಕಿಲೋದ ನನಗೆ ಸುಮಾರು 61 ಗ್ರಾಂ. ಮೂಳೆ ಕೂಡುವಾಗ ಅದಕ್ಕಿಂತ ಹೆಚ್ಚೇ ಹೊರತು ಕಡಿಮೆಯಲ್ಲ. ನಡಿಗೆ ನಿಂತಿತೆಂದು ಊಟವನ್ನು ಅರ್ಧಮಾಡುವವನು ಸೊಂಟವನ್ನು ಉಳಿಸಿಕೊಳ್ಳಲು ಹರಡನ್ನು ಅಡವಿಡುತ್ತಾನೆ. ಸುಶ್ರುತನೂ ಭಗ್ನರೋಗಿಗೆ ಉಪ್ಪು, ಹುಳಿ, ಖಾರ, ಕ್ಷಾರ, ಬಿಸಿಲು, ವ್ಯಾಯಾಮ, ಒಣ ಆಹಾರ ಇವನ್ನು ನಿಷೇಧಿಸಿ, ಅಕ್ಕಿಯ ಅನ್ನ, ಹಾಲು, ತುಪ್ಪ, ಮಾಂಸರಸಗಳನ್ನು ವಿಧಿಸುತ್ತಾನೆ. ಎಳೆಯ ವಯಸ್ಸಿನವನಿಗೆ ಒಂದು ತಿಂಗಳು, ನಡುವಯಸ್ಸಿನವನಿಗೆ ಎರಡು, ಮುದುಕನಿಗೆ ಮೂರು ಎಂದು ಕಾಲವನ್ನೂ ನಿಗದಿಮಾಡುತ್ತಾನೆ. ಅವನ ಹದಿನೆಂಟು ಭೇದಗಳನ್ನು ನೋಡಿ ಮೊದಲು ನಕ್ಕಿದ್ದವನು ಈಗ ನಗುವುದಿಲ್ಲ. ಮುರಿದ ಮೂಳೆಯನ್ನು ಕೈಯಿಂದ ಮುಟ್ಟಿ ನೋಡಿದವನ ವಿಂಗಡಣೆ ಅದು. ಕರ್ಕಟಕಕ್ಕೂ ಅಶ್ವಕರ್ಣಕ್ಕೂ ಮೂಳೆ ಮುರಿದ ರೂಪ ಬೇರೆಯಾದುದರಿಂದ ಹೆಸರು ಬೇರೆಯಾಯಿತು.

ಪ್ಲಾಸ್ಟರು ಬಿಚ್ಚಿದ ದಿನ ಒಳಗಿನಿಂದ ಹೊರಬಂದ ಕಾಲು ನನ್ನದಲ್ಲವೆನಿಸಿತು: ಮೀನಖಂಡ ಇಳಿದು, ಚರ್ಮ ಹೊಟ್ಟೆದ್ದು, ಯಾರೋ ಬೇರೆ ಮುದುಕನ ಕಾಲನ್ನು ಅಂಟಿಸಿದಂತಿತ್ತು. ತರುವಾಯ ಒಂದು ತಿಂಗಳು ಫಿಸಿಯೋಥೆರಪಿಯ ಕೊಠಡಿ. ಅಲ್ಲಿಯ ಹುಡುಗಿ ನನಗೆ ವಿಧಿಸಿದ ಮೊದಲ ಪಾಠ, ಹೆಬ್ಬೆರಳಿನ ತುದಿಯನ್ನೇ ಬಳಪವಾಗಿಸಿ ಗಾಳಿಯಲ್ಲಿ ಅಕ್ಷರ ಬರೆಯುವುದು. “ಎ ಬಿ ಸಿ ಡಿ ಬರೀರಿ ಅಂಕಲ್” ಎಂದಳು. ನಾನು ಕನ್ನಡವನ್ನು ಆರಿಸಿಕೊಂಡೆನು. ಇಂಗ್ಲಿಷಿನ ಇಪ್ಪತ್ತಾರನ್ನು ಗೀರಿ ಮುಗಿಸುವವನಿಗೆ ನಮ್ಮ ಲಿಪಿಯ ದುಂಡುತನದಿಂದ ಹರಡಿಗಾಗುವ ಉಪಕಾರ ಅರಿವಾಗದು. ‘ಅ’ ಸುಲಭ, ‘ಋ’ ಕಣ್ಣಲ್ಲಿ ನೀರು ತರಿಸುತ್ತದೆ, ‘ಕ್ಷ’ ಮುಗಿಸಿದ ದಿನ ಗೋಡೆ ಹಿಡಿಯದೆ ನಿಂತೆನು. ಐವತ್ತೆರಡನೆಯ ವಯಸ್ಸಿನಲ್ಲಿ ಎಡಗಾಲಿಗೆ ಅಕ್ಷರಾಭ್ಯಾಸ.

ಪಕ್ಕದ ಹಲಗೆಯ ಮೇಲೆ ಒಬ್ಬ ಆಟೋ ಚಾಲಕನಿರುತ್ತಿದ್ದ. ಅವನದು ಬಲಗಾಲು. ನಿನ್ನ ಗುರಿಯೇನೆಂದು ನಾನು ಶಾಸ್ತ್ರದ ಅಮಲಿನಲ್ಲಿ ಕೇಳಿದೆನು. “ಬ್ರೇಕ್ ತುಳಿಯಕ್ಕಾದ್ರೆ ಸಾಕು ಸಾರ್” ಎಂದ. ಗಾಡಿ ಬಾಡಿಗೆಯದು, ಮಾಲೀಕ ಆಗಲೇ ಬೇರೆಯವನಿಗೆ ಕೊಟ್ಟಿದ್ದ. ವೈದ್ಯರು ಹೇಳಿದ್ದ ಸರದಿಯಲ್ಲಿ ಇನ್ನೂ ಅರ್ಧ ಬಾಕಿಯಿರುವಾಗಲೇ ಅವನು ಬರುವುದು ನಿಂತುಹೋಯಿತು. ಅವನ ಗುರಿಯನ್ನು ಪರಿಷ್ಕರಿಸಲು ಯಾವ ಪರದೆಯಲ್ಲಿಯೂ ಯಾರೂ ಪ್ರತ್ಯಕ್ಷರಾಗಲಿಲ್ಲ.

ಇಲ್ಲಿ ನಾನು ಗ್ರಂಥಮರ್ಯಾದೆಯನ್ನು ಬಿಡಬೇಕಾಗಿದೆ. ಗುರಿ ಗುರಿ ಎಂದು ಇವರು ಯಾರನ್ನು ಹೆದರಿಸುತ್ತಾರೆ? ನಾನು ಓಟದ ಪಂದ್ಯದಲ್ಲಿ ಬಿದ್ದವನಲ್ಲ. ತೆರಿಗೆ ಕಟ್ಟಿದ ಬೀದಿಯಲ್ಲಿ, ಹಾಲಿನವನು, ಪೇಪರಿನ ಹುಡುಗ, ಶಾಲೆಗೆ ಹೋಗುವ ಮಕ್ಕಳು ನಡೆಯುವ ಕಾಲುಹಾದಿಯಲ್ಲಿ ಮನೆಗೆ ಹೋಗುತ್ತಿದ್ದವನು. ಬಿದ್ದ ಮೇಲೆ, ನಡಿಗೆಯನ್ನು ಹೊಂದಿಸಿಕೋ, ಊಟವನ್ನು ಹೊಂದಿಸಿಕೋ, ಮನಸ್ಸನ್ನು ಹೊಂದಿಸಿಕೋ, ನಿನ್ನ ನೋವನ್ನು ಯಾತ್ರೆಯೆಂದು ತಿಳಿ ಎಂದು ಹನ್ನೊಂದು ವಾರ ಎಲ್ಲರೂ ನನಗೇ ಹೇಳಿದರು. ಆ ಚಪ್ಪಡಿಗಲ್ಲಿಗೆ ಯಾರೂ ಏನನ್ನೂ ಹೇಳಲಿಲ್ಲ. ಎರಡು ಹಿಡಿ ಗಾರೆ, ಒಬ್ಬ ಆಳಿನ ಅರ್ಧ ಗಂಟೆ. ಅದಕ್ಕಿಂತ ಹೆಚ್ಚಿನದೇನೂ ಅದಕ್ಕೆ ಬೇಡ. ಪ್ಲಾಸ್ಟರು ಕಟ್ಟಿದ ಮರುದಿನವೇ ಮಲಗಿದಲ್ಲಿಂದ ದೂರು ಬರೆಸಿದ್ದೆನು. ನಾಲ್ಕನೆಯ ದಿನ, ತಮ್ಮ ದೂರನ್ನು ಪರಿಹರಿಸಲಾಗಿದೆಯೆಂದು ಫೋನಿಗೆ ಸಂದೇಶ ಬಂದಿತು. ಹೆಂಡತಿ ಹೋಗಿ ನೋಡಿಬಂದಳು. ಚಪ್ಪಡಿ ಇದ್ದ ಹಾಗೆಯೇ ಇತ್ತು. ಅವರು ಪರಿಷ್ಕರಿಸಿದ್ದು ದೂರನ್ನು.

ನಾನು ಈಗ ಲಾಲ್‌ಬಾಗಿನ ಬಂಡೆಯನ್ನು ಹತ್ತುವುದಿಲ್ಲ. ಬುಡದವರೆಗೆ ಹೋಗಿ, ಒಂದು ಬೆಂಚಿನ ಮೇಲೆ ಕುಳಿತು, ತಿರುಗಿ ಬರುತ್ತೇನೆ. ಗಡಿಯಾರವನ್ನು ಅಕ್ಕನ ಮೊಮ್ಮಗನಿಗೆ ಕೊಟ್ಟಿದ್ದೇನೆ. ಪ್ರಯೋಜನವನ್ನು ಕೊನೆಯಲ್ಲಿ ಹೇಳುತ್ತೇನೆಂದು ಮಾತು ಕೊಟ್ಟಿದ್ದೆನಷ್ಟೆ, ಅದು ಇಷ್ಟು. ನಮ್ಮ ಬೀದಿಗೆ ಎಂದಾದರೂ ಬರುವವರು, ಔಷಧದಂಗಡಿಯನ್ನು ದಾಟಿದ ಮೇಲೆ ಸಿಗುವ ಮೂರನೆಯ ಚಪ್ಪಡಿಯ ಮೇಲೆ ದಯವಿಟ್ಟು ಕಾಲಿಡಬೇಡಿ. ಅದು ಎಡಕ್ಕೆ ವಾಲುತ್ತದೆ.